ಟೆಸ್ಟ್ ಸ್ಕ್ರಿಪ್ಟ್‌ನಲ್ಲಿ ‘ಇಷ್ಟು ಟೆಸ್ಟ್ ನಡೆಯಲೇಬೇಕು’ ಎಂದು ಮೊದಲೇ ಬರೆದಿಡುವುದು ಹೇಗೆ

ಒಂದು ಟೆಸ್ಟ್ ಸ್ಕ್ರಿಪ್ಟ್‌ನಲ್ಲಿ 30 ಟೆಸ್ಟ್‌ಗಳಿವೆ ಎಂದುಕೊಳ್ಳಿ. 12ನೆಯದು ಮುಗಿಯುವ ಹೊತ್ತಿಗೆ ಯಾವುದೋ ಮಾಡ್ಯೂಲ್ ಒಳಗಿನಿಂದಲೇ ‘ಎಕ್ಸಿಟ್ 0’ ಕರೆದು ಪ್ರೋಗ್ರಾಂ ನಿಲ್ಲಿಸಿಬಿಟ್ಟಿತು. ನಡೆದ 12 ಟೆಸ್ಟ್‌ಗಳೂ ಪಾಸ್, ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿಯುವಾಗ ಕೊಡುವ ಅಂಕಿ) ಸೊನ್ನೆ, ಅಂದರೆ ಎಲ್ಲ ಸರಿ. ಎಷ್ಟು ನಡೆಯಬೇಕಿತ್ತು ಎಂಬುದು ಎಲ್ಲೂ ಬರೆದಿಲ್ಲದಿದ್ದರೆ ರಿಪೋರ್ಟ್ ಹಸಿರಾಗಿಯೇ ಇರುತ್ತದೆ. ಉಳಿದ 18 ಟೆಸ್ಟ್‌ಗಳು ಹಿಡಿಯಬೇಕಿದ್ದ ದೋಷ ಹಾಗೇ ಮುಂದಕ್ಕೆ ಹೋಗುತ್ತದೆ. ಡೇಟಾ ಫೈಲ್ ಖಾಲಿ ಇದ್ದು ಲೂಪ್ ಒಂದು ಸುತ್ತೂ ತಿರುಗದಿದ್ದರೂ, ಬರಬೇಕಿದ್ದ ಕಾಲ್‌ಬ್ಯಾಕ್ (ಕೆಲಸ ಮುಗಿದಾಗ ಕರೆಯಲೆಂದು ಕೊಟ್ಟಿಟ್ಟ ಫಂಕ್ಷನ್) ಬರದೇ ಇದ್ದರೂ ಆಗುವುದು ಇದೇ. ಟೆಸ್ಟ್‌ಗಳ ಸಂಖ್ಯೆಯನ್ನು ಮೊದಲೇ ಘೋಷಿಸುವ ಪದ್ಧತಿ ಹುಟ್ಟಿದ್ದು ಇಂಥ ಸದ್ದಿಲ್ಲದ ಗೈರುಹಾಜರಿಯನ್ನು ಹಿಡಿಯಲಿಕ್ಕೆ. ಇದಕ್ಕೆ ‘ಪ್ಲ್ಯಾನ್’ ಎನ್ನುತ್ತಾರೆ.

ಪರ್ಲ್ ಭಾಷೆಯ ಜೊತೆ 1987ರಿಂದಲೂ ಬಂದಿರುವ ರೂಢಿ ಇದು. ಅದರ ಔಟ್‌ಪುಟ್ ಸ್ವರೂಪಕ್ಕೆ ಈಗ ಟ್ಯಾಪ್ ಎಂದು ಹೆಸರು: ಟೆಸ್ಟ್ ಎನಿಥಿಂಗ್ ಪ್ರೋಟೋಕಾಲ್. ಪರ್ಲ್ ಆಚೆಗೂ ಜಾವಾಸ್ಕ್ರಿಪ್ಟ್, ಸಿ, ಪೋಸ್ಟ್‌ಗ್ರೆಸ್ ಡೇಟಾಬೇಸ್, ಶೆಲ್ ಎಲ್ಲ ಕಡೆ ಬಳಕೆಯಲ್ಲಿದೆ. ಕೋಡ್ ಮತ್ತು ತೆರೆಯ ಮೇಲಿನ ಸಂದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಟ್ಯಾಪ್ ಔಟ್‌ಪುಟ್ ಹೀಗಿರುತ್ತದೆ:

1..4
ಓಕೆ 1 - ಕಾನ್ಫಿಗ್ ಫೈಲ್ ತೆರೆಯಿತು
ಓಕೆ 2 - ಪೋರ್ಟ್ ಸಂಖ್ಯೆ ಸಿಕ್ಕಿತು
ಓಕೆ 3 - ಡೀಫಾಲ್ಟ್ ಟೈಮ್‌ಔಟ್ ಸರಿಯಿದೆ

ಮೊದಲ ಸಾಲೇ ಪ್ಲ್ಯಾನ್: 1ರಿಂದ 4ರವರೆಗೆ ಟೆಸ್ಟ್ ಬರಲಿವೆ ಎಂಬ ಮಾತು. ಬಂದದ್ದು ಮೂರೇ. ಮೂರಕ್ಕೂ ಓಕೆ ಇದ್ದರೂ ಇದನ್ನು ಓದುವ ‘ಪ್ರೂವ್’ ಕಮಾಂಡ್ ಫೈಲ್ ಅನ್ನು ಫೇಲ್ ಮಾಡಿ ‘ಬ್ಯಾಡ್ ಪ್ಲ್ಯಾನ್. ಯು ಪ್ಲ್ಯಾನ್ಡ್ 4 ಟೆಸ್ಟ್ಸ್ ಬಟ್ ರ್ಯಾನ್ 3’ ಎನ್ನುತ್ತದೆ. ಪ್ಲ್ಯಾನ್ ಸಾಲು ಔಟ್‌ಪುಟ್‌ನ ತಲೆಗೆ ಬರಬಹುದು, ಇಲ್ಲವೇ ಕೊನೆಗೆ. ನಡುವೆ ಬರುವಂತಿಲ್ಲ, ಎರಡು ಸಲ ಬರುವಂತಿಲ್ಲ. ಇಡೀ ಫೈಲನ್ನೇ ಬಿಟ್ಟುಬಿಡಬೇಕಿದ್ದರೆ ‘1..0’ ಎಂದು ಹಾಕಿ, ಪಕ್ಕದಲ್ಲಿ ಹ್ಯಾಶ್ ಗುರುತಿನ ನಂತರ ‘ಸ್ಕಿಪ್’ ಪದ ಮತ್ತು ಕಾರಣ ಬರೆಯಬೇಕು. ಕಾರಣ ಬರೆಯದಿದ್ದರೂ ನಡೆಯುತ್ತದೆ, ಆದರೆ ಆರು ತಿಂಗಳ ಮೇಲೆ ಲಾಗ್ ಓದುವವರಿಗೆ ಅದೊಂದೇ ಸುಳಿವು. ಬರೆದುಬಿಡಿ.

ಸಂಖ್ಯೆ ಹೇಳುವ ಮೂರು ಬಗೆ

ಪರ್ಲ್‌ನ ಟೆಸ್ಟ್ ಮೋರ್ ಮಾಡ್ಯೂಲ್‌ನಲ್ಲಿ ಮೊದಲನೆಯ ಬಗೆ, ಮಾಡ್ಯೂಲ್ ಕರೆಯುವ ಸಾಲಿನಲ್ಲೇ ‘ಟೆಸ್ಟ್ಸ್ => 30’ ಎಂದು ಬರೆಯುವುದು. ಎರಡನೆಯದು, ಸಂಖ್ಯೆ ಬಿಟ್ಟು ಫೈಲ್‌ನ ಕೊನೆಯಲ್ಲಿ ‘ಡನ್ ಟೆಸ್ಟಿಂಗ್’ ಎಂದು ಕರೆಯುವುದು. ಇದು 2009ರಲ್ಲಿ 0.88ನೇ ಆವೃತ್ತಿಯೊಂದಿಗೆ ಬಂತು. ಮೂರನೆಯದು ‘ನೋ ಪ್ಲ್ಯಾನ್’, ಅಂದರೆ ಎಷ್ಟು ನಡೆಯಿತೋ ಅಷ್ಟೇ ಲೆಕ್ಕ.

ಮೂರೂ ಹಿಡಿಯುವ ತಪ್ಪುಗಳು ಬೇರೆ ಬೇರೆ. ಸ್ಕ್ರಿಪ್ಟ್ ಎರರ್ ಬಂದು ಸತ್ತರೆ ಮೂರರಲ್ಲೂ ಗೊತ್ತಾಗುತ್ತದೆ, ಏಕೆಂದರೆ ಎಕ್ಸಿಟ್ ಕೋಡ್ ಸೊನ್ನೆಯಾಗಿರುವುದಿಲ್ಲ. ನಡುವೆ ‘ಎಕ್ಸಿಟ್ 0’ ಆದರೆ ನೋ ಪ್ಲ್ಯಾನ್ ಮೋಸ ಹೋಗುತ್ತದೆ: ಪ್ರೋಗ್ರಾಂ ಮುಗಿಯುವಾಗ ಅದು ತಾನೇ ‘1..12’ ಎಂದು ಬರೆದು ಎಲ್ಲ ಸರಿಯಿದೆ ಎಂದುಬಿಡುತ್ತದೆ. ಡನ್ ಟೆಸ್ಟಿಂಗ್ ಇದ್ದ ಕಡೆ ಆ ಸಾಲಿಗೆ ಕಂಟ್ರೋಲ್ ತಲುಪದೇ ಇದ್ದದ್ದರಿಂದ ಪ್ಲ್ಯಾನ್ ಸಾಲು ಬರುವುದೇ ಇಲ್ಲ, ಫೈಲ್ ಫೇಲ್. ಆದರೆ ಲೂಪ್ ಐದರ ಬದಲು ಮೂರೇ ಸುತ್ತು ತಿರುಗಿದರೆ, ಒಂದು ‘ಇಫ್’ ಒಳಗಿನ ನಾಲ್ಕು ಟೆಸ್ಟ್ ನಡೆಯದೇ ಹೋದರೆ, ಡನ್ ಟೆಸ್ಟಿಂಗ್‌ಗೂ ತಿಳಿಯುವುದಿಲ್ಲ. ಕೊನೆಯ ಸಾಲು ತಲುಪಿತು, ಅದಕ್ಕೆ ಅಷ್ಟು ಸಾಕು. ಇದನ್ನು ಹಿಡಿಯುವುದು ಸಂಖ್ಯೆ ಮಾತ್ರ.

ಹಾಗಾದರೆ ಎಲ್ಲ ಕಡೆ ಸಂಖ್ಯೆಯನ್ನೇ ಬರೆಯಬೇಕೇ? ಬೇಡ. ಮೇಲಿಂದ ಕೆಳಗೆ ನೇರವಾಗಿ ಹರಿಯುವ, ಲೂಪ್ ಇಲ್ಲದ, ಕವಲು ಇಲ್ಲದ ಫೈಲ್‌ಗೆ ಡನ್ ಟೆಸ್ಟಿಂಗ್ ಧಾರಾಳವಾಗಿ ಸಾಕು. ಅಲ್ಲಿ ಸಂಖ್ಯೆ ಬರೆದರೆ ಟೆಸ್ಟ್ ಸೇರಿಸಿದಾಗಲೆಲ್ಲ ಅದನ್ನು ತಿದ್ದುವ ಕೆಲಸ ಹೆಚ್ಚುತ್ತದೆ ಅಷ್ಟೆ. ಡೇಟಾ ಓದಿ ಸುತ್ತುವ ಫೈಲ್, ಕಾಲ್‌ಬ್ಯಾಕ್ ಕಾಯುವ ಫೈಲ್, ಫೋರ್ಕ್ ಮಾಡುವ (ಮರಿ ಪ್ರೋಸೆಸ್ ಹುಟ್ಟಿಸುವ) ಫೈಲ್ – ಇವಕ್ಕೆ ಸಂಖ್ಯೆ ಬೇಕು. ನೋ ಪ್ಲ್ಯಾನ್‌ಗೆ ಈಗ ಕೆಲಸವಿಲ್ಲ. ಹಳೆಯ ಫೈಲ್‌ನಲ್ಲಿ ಕಂಡರೆ ತೆಗೆದು ಕೊನೆಯಲ್ಲಿ ಡನ್ ಟೆಸ್ಟಿಂಗ್ ಹಾಕಿ.

ಯಾವುದನ್ನು ಒಂದು ಎಂದು ಎಣಿಸಬೇಕು

ಟೆಸ್ಟ್ ಮೋರ್‌ನ ಫಂಕ್ಷನ್‌ಗಳಲ್ಲಿ ‘ಓಕೆ’, ‘ಈಸ್’, ‘ಲೈಕ್’ ತಲಾ ಒಂದು. ‘ಈಸ್ ಡೀಪ್ಲಿ’ ಎಷ್ಟೇ ದೊಡ್ಡ ರಚನೆಯನ್ನು ಹೋಲಿಸಿದರೂ ಒಂದೇ. ‘ಕ್ಯಾನ್ ಓಕೆ’ಗೆ ಹತ್ತು ಮೆಥಡ್ ಹೆಸರು ಕೊಟ್ಟರೂ ಒಂದೇ. ‘ನೋಟ್’ ಮತ್ತು ‘ಡಯಾಗ್’ ಬರೀ ಟಿಪ್ಪಣಿ, ಲೆಕ್ಕಕ್ಕಿಲ್ಲ. ಟೂಡೂ (ಇನ್ನೂ ಮಾಡಬೇಕಿದೆ) ಎಂದು ಗುರುತು ಹಾಕಿದ ಟೆಸ್ಟ್ ಫೇಲ್ ಆದರೂ ಫೈಲ್ ಫೇಲ್ ಆಗುವುದಿಲ್ಲ, ಆದರೆ ಎಣಿಕೆಯಲ್ಲಿ ಅದೂ ಒಂದು. ಸಬ್‌ಟೆಸ್ಟ್ (ಹಲವು ಟೆಸ್ಟ್‌ಗಳನ್ನು ಒಟ್ಟುಗೂಡಿಸಿದ ಗುಂಪು) ಒಳಗೆ ಇಪ್ಪತ್ತು ಇದ್ದರೂ ಹೊರಗಿನ ಪ್ಲ್ಯಾನ್‌ಗೆ ಅದು ಒಂದೇ. ಒಳಗಿನದಕ್ಕೆ ಅದರದ್ದೇ ಪ್ಲ್ಯಾನ್ ಬರೆಯಬಹುದು. ಬರೆಯದಿದ್ದರೆ ಸಬ್‌ಟೆಸ್ಟ್ ಮುಗಿದಾಗ ಡನ್ ಟೆಸ್ಟಿಂಗ್ ತಾನಾಗಿ ಆಗುತ್ತದೆ, ಒಳಗೆ ಒಂದೂ ನಡೆಯದಿದ್ದರೆ ಆ ಸಬ್‌ಟೆಸ್ಟ್ ಫೇಲ್.

ಎಣಿಕೆ ತಪ್ಪಿಸುವವು ಮುಖ್ಯವಾಗಿ ಎರಡು. ಒಂದು, ನಾವೇ ಬರೆದುಕೊಂಡ ಸಹಾಯಕ ಫಂಕ್ಷನ್: ಹೊರಗಿನಿಂದ ಒಂದು ಸಾಲು ಕಂಡರೂ ಒಳಗೆ ಮೂರು ಅಸರ್ಷನ್ (‘ಓಕೆ’ಯಂಥ ಒಂದೊಂದು ತಪಾಸಣೆ) ಇರುತ್ತವೆ. ನಾಳೆ ಯಾರಾದರೂ ಒಳಗೆ ನಾಲ್ಕನೆಯದನ್ನು ಸೇರಿಸಿದರೆ ಅದನ್ನು ಬಳಸುವ ಎಲ್ಲ ಫೈಲ್‌ಗಳ ಸಂಖ್ಯೆಯೂ ಒಮ್ಮೆಗೇ ಕೆಡುತ್ತದೆ. ಇದಕ್ಕೆ ಮದ್ದು, ಆ ಫಂಕ್ಷನ್‌ನ ಒಡಲನ್ನು ಸಬ್‌ಟೆಸ್ಟ್‌ನಲ್ಲಿ ಸುತ್ತುವುದು. ಆಮೇಲೆ ಒಳಗೆ ಏನೇ ಬದಲಾದರೂ ಹೊರಗೆ ಒಂದೇ. ಎರಡು, ತಾವಾಗಿ ಟೆಸ್ಟ್ ಸೇರಿಸುವ ಮಾಡ್ಯೂಲ್‌ಗಳು. ಟೆಸ್ಟ್ ನೋ ವಾರ್ನಿಂಗ್ಸ್ ಎಂಬುದು ಸ್ಕ್ರಿಪ್ಟ್ ಮುಗಿಯುವಾಗ ತನ್ನದೊಂದು ಟೆಸ್ಟ್ ಸೇರಿಸುತ್ತದೆ. ಅದನ್ನು ಬಳಸುವ ಫೈಲ್‌ನಲ್ಲಿ 30 ಟೆಸ್ಟ್ ಇದ್ದರೆ ಪ್ಲ್ಯಾನ್ 31.

ಸಂಖ್ಯೆಯನ್ನು ಲೆಕ್ಕ ಹಾಕಿಸುವುದು

ಡೇಟಾ ಪಟ್ಟಿಯ ಮೇಲೆ ಸುತ್ತುವಾಗ ಸಂಖ್ಯೆಯನ್ನು ಕೈಯಲ್ಲಿ ಬರೆಯಬೇಡಿ. ಪ್ರತಿ ಸಾಲಿಗೆ ಮೂರು ಟೆಸ್ಟ್, ಲೂಪ್‌ನ ಹೊರಗೆ ಎರಡು ಇದ್ದರೆ ‘2 + 3 * ಪಟ್ಟಿಯ ಉದ್ದ’ ಎಂದು ಹಾಗೇ ಬರೆಯಿರಿ. ಪಟ್ಟಿಯಲ್ಲಿ ಐದು ಸಾಲಿದ್ದಾಗ ಗುಣಾಕಾರ ಮಾಡಿ 17 ಎಂದು ಬರೆದರೆ ಅದು ಎಲ್ಲಿಂದ ಬಂತು ಎಂದು ಯಾರಿಗೂ ತಿಳಿಯುವುದಿಲ್ಲ. ‘2 + 3 * ಉದ್ದ’ ಎಂದಿದ್ದರೆ ಓದಿದೊಡನೆ ತಿಳಿಯುತ್ತದೆ.

ಪರ್ಲ್‌ನಲ್ಲಿ ಎಡವುವುದು ಇಲ್ಲೇ. ಮಾಡ್ಯೂಲ್ ಕರೆಯುವ ‘ಯೂಸ್’ ಸಾಲು ಕಂಪೈಲ್ ಹೊತ್ತಿನಲ್ಲೇ ನಡೆದುಬಿಡುತ್ತದೆ, ಪಟ್ಟಿಗೆ ಬೆಲೆ ತುಂಬುವುದು ಆಮೇಲೆ ರನ್ ಆಗುವಾಗ. ಆದ್ದರಿಂದ ‘ಯೂಸ್’ ಸಾಲಿನಲ್ಲೇ ಪಟ್ಟಿಯ ಉದ್ದ ಕೊಟ್ಟರೆ, ಪಟ್ಟಿ ಅದಕ್ಕಿಂತ ಮೇಲಿನ ಸಾಲಿನಲ್ಲೇ ಇದ್ದರೂ, ಉದ್ದ ಸೊನ್ನೆ. ‘ಯು ಸೆಡ್ ಟು ರನ್ 0 ಟೆಸ್ಟ್ಸ್’ ಎಂಬ ಎರರ್ ಕಂಡರೆ ಕಾರಣ ಹೆಚ್ಚಾಗಿ ಇದೇ. ಪಟ್ಟಿಯ ಜೊತೆ ‘2 +’ ಕೂಡ ಇದ್ದರೆ ಎರರ್ ಕೂಡ ಬರುವುದಿಲ್ಲ, ಪ್ಲ್ಯಾನ್ 2 ಆಗಿ 17 ಟೆಸ್ಟ್ ನಡೆದವು ಎಂಬ ವಿಚಿತ್ರ ದೂರು ಬರುತ್ತದೆ. ಪರಿಹಾರ ಸರಳ: ‘ಯೂಸ್’ ಸಾಲನ್ನು ಸಂಖ್ಯೆಯಿಲ್ಲದೆ ಬಿಡಿ, ಪಟ್ಟಿ ತುಂಬಿದ ಮೇಲೆ, ಮೊದಲ ಟೆಸ್ಟ್‌ಗಿಂತ ಮುಂಚೆ ‘ಪ್ಲ್ಯಾನ್ ಟೆಸ್ಟ್ಸ್ => 2 + 3 * ಉದ್ದ’ ಎಂದು ಕರೆಯಿರಿ.

ಇಲ್ಲಿ ಇನ್ನೊಂದು ಕಿಂಡಿ ಉಳಿಯುತ್ತದೆ. ಸಂಖ್ಯೆಯೂ ಲೂಪೂ ಒಂದೇ ಪಟ್ಟಿಯಿಂದ ಬಂದಿವೆ. ಪಟ್ಟಿಯನ್ನು ಫೈಲ್‌ನಿಂದ ಓದುತ್ತಿದ್ದು ಆ ಫೈಲ್ ಅರ್ಧಕ್ಕೆ ತುಂಡಾಗಿದ್ದರೆ ಎರಡೂ ಒಟ್ಟಿಗೆ ಕುಗ್ಗುತ್ತವೆ, ತಾಳೆಯೂ ಆಗುತ್ತವೆ. ಹೊರಗಿನ ಡೇಟಾ ಎಂದಾಗಲೆಲ್ಲ ಲೂಪ್‌ಗೆ ಮುಂಚೆ ಒಂದು ಟೆಸ್ಟ್ ಹಾಕಿ: ಪಟ್ಟಿಯಲ್ಲಿ ಕನಿಷ್ಠ ಇಷ್ಟು ಸಾಲು ಇರಲೇಬೇಕು. ಆ ‘ಇಷ್ಟು’ ಮಾತ್ರ ಕೈಯಲ್ಲಿ ಬರೆದ ಅಂಕಿಯಾಗಿರಲಿ.

ಸ್ಕಿಪ್ ಮಾಡುವಾಗಿನ ಲೆಕ್ಕ

ಒಂದು ಮಾಡ್ಯೂಲ್ ಇಲ್ಲದ ಯಂತ್ರದಲ್ಲಿ, ಅಥವಾ ಒಂದು ಆಪರೇಟಿಂಗ್ ಸಿಸ್ಟಂನಲ್ಲಿ, ಕೆಲವು ಟೆಸ್ಟ್ ಬಿಡಬೇಕಾಗುತ್ತದೆ. ಬರೀ ‘ಇಫ್’ ಹಾಕಿ ಬಿಟ್ಟರೆ ಎಣಿಕೆ ಕಡಿಮೆಯಾಗುತ್ತದೆ. ಅದಕ್ಕೇ ಸ್ಕಿಪ್ ಎಂಬ ಹೆಸರಿನ ಬ್ಲಾಕ್ ಮಾಡಿ, ಒಳಗೆ ಮೊದಲ ಸಾಲಿನಲ್ಲಿ ‘ಸ್ಕಿಪ್’ ಫಂಕ್ಷನ್‌ಗೆ ಕಾರಣ ಮತ್ತು ಎಷ್ಟು ಟೆಸ್ಟ್ ಬಿಡುತ್ತಿದ್ದೇವೆ ಎಂಬ ಸಂಖ್ಯೆ ಎರಡನ್ನೂ ಕೊಡಬೇಕು. ಅದು ಅಷ್ಟು ‘ಓಕೆ’ ಸಾಲುಗಳನ್ನು ಸ್ಕಿಪ್ ಗುರುತಿನೊಂದಿಗೆ ಬರೆದು ಬ್ಲಾಕ್‌ನಿಂದ ಹೊರಬರುತ್ತದೆ, ಲೆಕ್ಕ ಸರಿದೂಗುತ್ತದೆ. ಬ್ಲಾಕ್‌ನ ಹೆಸರು ದೊಡ್ಡಕ್ಷರದಲ್ಲಿ ಸ್ಕಿಪ್ ಎಂದೇ ಇರಬೇಕು. ಇಲ್ಲದಿದ್ದರೆ ಹೊರಬರಲು ಲೇಬಲ್ ಸಿಗದೆ ಸ್ಕ್ರಿಪ್ಟ್ ಸಾಯುತ್ತದೆ.

ಈ ಎರಡನೆಯ ಸಂಖ್ಯೆಯೇ ನಂತರ ಕೈಕೊಡುವುದು. ಬ್ಲಾಕ್‌ನಲ್ಲಿ ಮೂರು ಟೆಸ್ಟ್ ಇದ್ದವು, ಸ್ಕಿಪ್‌ಗೆ 3 ಕೊಟ್ಟಿತ್ತು. ಯಾರೋ ನಾಲ್ಕನೆಯದನ್ನು ಸೇರಿಸಿ ಫೈಲ್‌ನ ತಲೆಯ ಪ್ಲ್ಯಾನ್ ಅನ್ನು 20ರಿಂದ 21ಕ್ಕೆ ಏರಿಸಿದರು, ಸ್ಕಿಪ್‌ನ 3 ಹಾಗೇ ಉಳಿಯಿತು. ಮಾಡ್ಯೂಲ್ ಇರುವ ಯಂತ್ರದಲ್ಲಿ 21ಕ್ಕೆ 21. ಮಾಡ್ಯೂಲ್ ಇಲ್ಲದ ಯಂತ್ರದಲ್ಲಿ 21ಕ್ಕೆ 20, ಫೇಲ್. ಬರೆದವರ ಯಂತ್ರದಲ್ಲಿ ಆ ಮಾಡ್ಯೂಲ್ ಸದಾ ಇರುವುದರಿಂದ ಅವರಿಗೆ ಇದು ಎಂದೂ ಕಾಣುವುದಿಲ್ಲ. ಸ್ಕಿಪ್ ಬ್ಲಾಕ್ ಮುಟ್ಟಿದ ಮೇಲೆ ಷರತ್ತನ್ನು ತಾತ್ಕಾಲಿಕವಾಗಿ ತಿರುಗಿಸಿ, ಬಿಡುವ ದಾರಿಯಲ್ಲೂ ಒಮ್ಮೆ ರನ್ ಮಾಡಿ. ಅಥವಾ ಇಡೀ ಬ್ಲಾಕ್ ಅನ್ನು ಒಂದು ಸಬ್‌ಟೆಸ್ಟ್ ಮಾಡಿ, ಅದರೊಳಗೆ ಮೊದಲೇ ‘ಪ್ಲ್ಯಾನ್ ಸ್ಕಿಪ್ ಆಲ್’ ಕರೆಯಿರಿ. ಆಗ ಎಣಿಸುವ ಗೋಜೇ ಇಲ್ಲ.

ಮರ್ಜ್ ಆದಾಗ

ಫೈಲ್‌ನಲ್ಲಿ 10 ಟೆಸ್ಟ್ ಇವೆ. ಒಬ್ಬರು ತಮ್ಮ ಬ್ರಾಂಚ್‌ನಲ್ಲಿ ಎರಡು ಸೇರಿಸಿ ಪ್ಲ್ಯಾನ್ ಅನ್ನು 12 ಮಾಡಿದರು. ಇನ್ನೊಬ್ಬರು ತಮ್ಮದರಲ್ಲಿ, ಫೈಲ್‌ನ ಬೇರೆ ಜಾಗದಲ್ಲಿ, ಬೇರೆ ಎರಡು ಸೇರಿಸಿ ಅವರೂ 12 ಮಾಡಿದರು. ಎರಡು ಕಡೆಯೂ ಒಂದು ಸಾಲನ್ನು ಒಂದೇ ರೀತಿ ಬದಲಿಸಿದ್ದರೆ ಗಿಟ್ ಅದನ್ನು ಕಾನ್ಫ್ಲಿಕ್ಟ್ ಎನ್ನುವುದಿಲ್ಲ. ಸದ್ದಿಲ್ಲದೆ ಮರ್ಜ್ ಮಾಡುತ್ತದೆ. ಪ್ಲ್ಯಾನ್ 12, ಟೆಸ್ಟ್ 14. ಎರಡೂ ಬ್ರಾಂಚ್‌ಗಳು ಪ್ರತ್ಯೇಕವಾಗಿ ಹಸಿರಾಗಿದ್ದವು, ಮುಖ್ಯ ಬ್ರಾಂಚ್ ಕೆಂಪು. ಸಂಖ್ಯೆ ಇರುವ ಫೈಲ್‌ಗಳಿಗೆ ಮರ್ಜ್ ನಂತರದ ಸ್ಥಿತಿಯ ಮೇಲೆ ಟೆಸ್ಟ್ ಓಡಿಸಲೇಬೇಕು. ಸಂಖ್ಯೆಯನ್ನು ಸಬ್‌ಟೆಸ್ಟ್‌ಗಳ ಒಳಕ್ಕೆ ಹಂಚಿ ಹೊರಗೆ ಡನ್ ಟೆಸ್ಟಿಂಗ್ ಇಟ್ಟರೆ ಈ ತಲೆನೋವು ಬಹುಪಾಲು ಹೋಗುತ್ತದೆ, ಏಕೆಂದರೆ ಇಬ್ಬರೂ ಒಂದೇ ಸಾಲನ್ನು ಮುಟ್ಟುವ ಸಂದರ್ಭ ಕಡಿಮೆ.

ಸಂಖ್ಯೆ ತಾಳೆಯಾಗದಿದ್ದರೆ

ತಾಳೆಯಾಗದ ಕೂಡಲೇ ನಡೆದಷ್ಟು ಸಂಖ್ಯೆಯನ್ನೇ ಪ್ಲ್ಯಾನ್‌ಗೆ ತುಂಬಿ ಮುಂದೆ ಹೋಗುವುದು ಎಲ್ಲೆಡೆ ಕಾಣುವ ದುರಭ್ಯಾಸ. ಹಾಗೆ ಮಾಡುವುದಾದರೆ ಪ್ಲ್ಯಾನ್ ಇಟ್ಟು ಪ್ರಯೋಜನವಿಲ್ಲ. ಮೊದಲು ‘ಪ್ರೂವ್’ಗೆ ವಿ ಸ್ವಿಚ್ ಕೊಟ್ಟು ಪ್ರತಿ ಟೆಸ್ಟ್‌ನ ಸಾಲನ್ನೂ ತೆರೆಯ ಮೇಲೆ ತನ್ನಿ. ನೀವು ಈಗಷ್ಟೇ ಎರಡು ಟೆಸ್ಟ್ ಸೇರಿಸಿದ್ದು ವ್ಯತ್ಯಾಸವೂ ಎರಡೇ ಆಗಿದ್ದರೆ ಸಂಖ್ಯೆ ತಿದ್ದಿ ಮುಗಿಸಿ. ಇಲ್ಲದಿದ್ದರೆ, ಕೊನೆಯದಾಗಿ ಸರಿಯಾಗಿ ಓಡಿದ ಕಮಿಟ್‌ನ ಔಟ್‌ಪುಟ್ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ಡಿಫ್ ಮಾಡಿ. ಪ್ರತಿ ಟೆಸ್ಟ್‌ಗೂ ಹೆಸರು ಕೊಟ್ಟಿದ್ದರೆ ಯಾವುದು ಕಾಣೆಯಾಗಿದೆ ಎಂಬುದು ಅರ್ಧ ನಿಮಿಷದಲ್ಲಿ ಸಿಗುತ್ತದೆ. ಹೆಸರಿಲ್ಲದೆ ಬರೀ ‘ಓಕೆ 14’, ‘ಓಕೆ 15’ ಎಂದಿದ್ದರೆ ಕೋಡ್ ಜೊತೆ ಬೆರಳಿಟ್ಟು ಎಣಿಸಬೇಕು.

ಎಕ್ಸಿಟ್ ಕೋಡ್ ಕೂಡ ನೋಡಿ. ಟೆಸ್ಟ್ ಮೋರ್‌ನಲ್ಲಿ ಎಕ್ಸಿಟ್ ಕೋಡ್ ಎಂದರೆ ಫೇಲ್ ಆದ ಟೆಸ್ಟ್‌ಗಳ ಸಂಖ್ಯೆ, 254ಕ್ಕೆ ಮಿತಿ. ಒಂದೂ ಫೇಲ್ ಆಗದೆ ಎಣಿಕೆ ಮಾತ್ರ ತಪ್ಪಿದ್ದರೆ 255. ಸ್ಕ್ರಿಪ್ಟ್ ನಡುವೆ ಸತ್ತಿದ್ದರೂ ಸಾಮಾನ್ಯವಾಗಿ 255 ಬರುತ್ತದೆ, ಜೊತೆಗೆ ಎಷ್ಟನೇ ಟೆಸ್ಟ್ ಆದಮೇಲೆ ಸತ್ತಿತು ಎಂಬ ಸಾಲು ಇರುತ್ತದೆ. ಕಾರಣ ಹುಡುಕಬೇಕಾದ್ದು ಆ ಟೆಸ್ಟ್‌ಗೂ ಅದರ ಮುಂದಿನದಕ್ಕೂ ನಡುವೆ. ‘ಟೆಸ್ಟ್ಸ್ ಔಟ್ ಆಫ್ ಸೀಕ್ವೆನ್ಸ್’ ಎಂದು ಬಂದರೆ ಫೋರ್ಕ್ ಆದ ಮರಿ ಪ್ರೋಸೆಸ್ ಒಳಗೆ ಟೆಸ್ಟ್ ಕರೆದಿದ್ದೀರಾ ನೋಡಿ. ಮರಿಯ ಎಣಿಕೆ ತಾಯಿಗೆ ತಿಳಿಯುವುದಿಲ್ಲ, ಇಬ್ಬರೂ ಒಂದೇ ನಂಬರ್ ಬರೆಯುತ್ತಾರೆ. ಮರಿಯಿಂದ ಪೈಪ್ ಅಥವಾ ಎಕ್ಸಿಟ್ ಕೋಡ್ ಮೂಲಕ ಫಲಿತಾಂಶ ತಂದು ಟೆಸ್ಟ್ ಅನ್ನು ತಾಯಿಯಲ್ಲೇ ಮಾಡಿ.

ಜಾವಾಸ್ಕ್ರಿಪ್ಟ್‌ನಲ್ಲಿ

ಇಲ್ಲಿ ಎಣಿಕೆ ಫೈಲ್‌ಗಲ್ಲ, ಒಂದೊಂದು ಟೆಸ್ಟ್ ಒಳಗಿನ ಅಸರ್ಷನ್‌ಗಳಿಗೆ. ಅಸಿಂಕ್ರೋನಸ್ ಕೋಡ್‌ನಿಂದಾಗಿ ಇದರ ಅಗತ್ಯವೂ ಹೆಚ್ಚು. ಒಂದು ಪ್ರಾಮಿಸ್ (ಮುಂದೆ ಸಿಗಲಿರುವ ಫಲಿತಾಂಶ) ರಿಜೆಕ್ಟ್ ಆಗಬೇಕು, ಅಂದರೆ ವಿಫಲವಾಗಬೇಕು ಎಂದು ಪರೀಕ್ಷಿಸಲು ಅಸರ್ಷನ್ ಅನ್ನು ‘ಕ್ಯಾಚ್’ ಒಳಗೆ ಬರೆದಿದ್ದೀರಿ. ಕೋಡ್ ಕೆಟ್ಟು ಪ್ರಾಮಿಸ್ ರಿಜೆಕ್ಟ್ ಆಗುವ ಬದಲು ರಿಸಾಲ್ವ್ ಆಯಿತು. ‘ಕ್ಯಾಚ್’ಗೆ ಕಂಟ್ರೋಲ್ ಬರಲೇ ಇಲ್ಲ, ಅಸರ್ಷನ್ ನಡೆಯಲಿಲ್ಲ, ಟೆಸ್ಟ್ ಪಾಸ್! ಜೆಸ್ಟ್ ಎಂಬ ಟೆಸ್ಟ್ ಫ್ರೇಮ್‌ವರ್ಕ್‌ನಲ್ಲಿ ಟೆಸ್ಟ್‌ನ ಮೊದಲ ಸಾಲಾಗಿ ‘ಎಕ್ಸ್‌ಪೆಕ್ಟ್ ಡಾಟ್ ಅಸರ್ಷನ್ಸ್’ ಕರೆದು 1 ಕೊಟ್ಟರೆ ಇದು ಸಿಕ್ಕಿಬೀಳುತ್ತದೆ. ಎಷ್ಟು ಎಂಬುದು ನಿಶ್ಚಿತವಿಲ್ಲ, ಒಂದಾದರೂ ನಡೆಯಬೇಕು ಎಂದಿದ್ದರೆ ‘ಹ್ಯಾಸ್ ಅಸರ್ಷನ್ಸ್’ ಇದೆ. ಪ್ರಾಮಿಸ್ ಅನ್ನು ರಿಟರ್ನ್ ಅಥವಾ ಅವೇಟ್ ಮಾಡುವುದನ್ನು ಮಾತ್ರ ಇದರಿಂದ ಬಿಡುವಂತಿಲ್ಲ: ಮರೆತರೆ ಅಸರ್ಷನ್ ನಡೆಯುವ ಮುಂಚೆಯೇ ಟೆಸ್ಟ್ ಮುಗಿದು, ಕೋಡ್ ಸರಿಯಿದ್ದರೂ ಎಣಿಕೆ ತಪ್ಪಿ ಫೇಲ್ ಆಗುತ್ತದೆ.

ಕ್ಯೂಯುನಿಟ್ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನಲ್ಲಿ ಇದಕ್ಕೆ ‘ಅಸರ್ಟ್ ಡಾಟ್ ಎಕ್ಸ್‌ಪೆಕ್ಟ್’. ಒಂದೂ ಅಸರ್ಷನ್ ನಡೆಯದ ಟೆಸ್ಟ್ ಅಲ್ಲಿ ತಾನಾಗಿಯೇ ಫೇಲ್. ಬೇಕೆಂದೇ ಹಾಗಿದ್ದರೆ ಎಕ್ಸ್‌ಪೆಕ್ಟ್‌ಗೆ 0 ಕೊಡಬೇಕು. ಟೇಪ್ ಎಂಬ ಟೆಸ್ಟ್ ಲೈಬ್ರರಿಯಲ್ಲಿ ‘ಟಿ ಡಾಟ್ ಪ್ಲ್ಯಾನ್’ ಕೊಟ್ಟರೆ ಅಷ್ಟು ಅಸರ್ಷನ್ ಬರುವವರೆಗೆ ಟೆಸ್ಟ್ ಕಾಯುತ್ತದೆ, ಬೇರೆ ‘ಎಂಡ್’ ಬೇಡ. ಬಾರದೇ ಹೋದರೆ ಪ್ರೋಸೆಸ್ ಮುಗಿಯುವಾಗ ಎಣಿಕೆ ತಪ್ಪಿದೆ ಎಂದು ಹೇಳುತ್ತದೆ. ಆದರೆ ಒಂದು ಸಾಕೆಟ್ ತೆರೆದೇ ಉಳಿದಿದ್ದರೆ ಪ್ರೋಸೆಸ್ ಮುಗಿಯುವುದೇ ಇಲ್ಲ, ಸುಮ್ಮನೆ ಕಾಯುತ್ತ ಕೂರುತ್ತದೆ; ಪ್ಲ್ಯಾನ್ ಜೊತೆ ಟೈಮ್‌ಔಟ್ ಕೂಡ ಕೊಡಿ. ನೋಡ್‌ನ ಒಳಗೇ ಬರುವ ಟೆಸ್ಟ್ ರನ್ನರ್‌ನಲ್ಲೂ ಪ್ಲ್ಯಾನ್ ಇದೆ. ಅದು ಎಣಿಸುವುದು ‘ಟಿ ಡಾಟ್ ಅಸರ್ಟ್’ ಮೂಲಕ ಮಾಡಿದ ಅಸರ್ಷನ್ ಮತ್ತು ಸಬ್‌ಟೆಸ್ಟ್‌ಗಳನ್ನು ಮಾತ್ರ. ಬೇರೆಯಾಗಿ ಇಂಪೋರ್ಟ್ ಮಾಡಿಕೊಂಡ ಅಸರ್ಟ್ ಬಳಸಿ, ಐದು ಇದ್ದರೂ ಸೊನ್ನೆ ಎನ್ನುತ್ತದಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡಿ.

ಡೇಟಾಬೇಸ್ ಮತ್ತು ಶೆಲ್

ಪೋಸ್ಟ್‌ಗ್ರೆಸ್‌ನ ಟೆಸ್ಟ್ ಸಾಧನವಾದ ಪಿಜಿಟ್ಯಾಪ್‌ನಲ್ಲಿ ಟ್ರಾನ್ಸಾಕ್ಷನ್ ಶುರು ಮಾಡಿ ‘ಸೆಲೆಕ್ಟ್ ಪ್ಲ್ಯಾನ್’ಗೆ ಸಂಖ್ಯೆ ಕೊಟ್ಟು, ಟೆಸ್ಟ್‌ಗಳನ್ನು ಬರೆದು, ಕೊನೆಗೆ ‘ಫಿನಿಶ್’ ಕರೆದು ರೋಲ್‌ಬ್ಯಾಕ್ ಮಾಡುವುದು ಕ್ರಮ. ಇಲ್ಲಿನ ವಿಶೇಷ, ಟೆಸ್ಟ್ ಫಂಕ್ಷನ್ ಅನ್ನು ಒಂದು ಟೇಬಲ್ ಮೇಲೆ ಸೆಲೆಕ್ಟ್ ಮಾಡಿದರೆ ಆ ಟೇಬಲ್‌ನ ಒಂದೊಂದು ರೋ (ಅಡ್ಡಸಾಲು)ಗೂ ಒಂದು ಟೆಸ್ಟ್ ನಡೆಯುತ್ತದೆ: ಬರೆದದ್ದು ಒಂದು ಸಾಲು, 40 ರೋ ಇದ್ದರೆ ಎಣಿಕೆ 40. ಪ್ಲ್ಯಾನ್ ಅನ್ನೂ ಅದೇ ಟೇಬಲ್‌ನ ‘ಕೌಂಟ್’ನಿಂದ ತರಬಹುದು, ಆದರೆ ಕೌಂಟ್ ಕೊಡುವುದು ಬಿಗ್‌ಇಂಟ್, ಪ್ಲ್ಯಾನ್ ಕೇಳುವುದು ಇಂಟಿಜರ್. ಕಾಸ್ಟ್ ಮಾಡದಿದ್ದರೆ, ಅಂದರೆ ಇಂಟಿಜರ್‌ಗೆ ಬದಲಿಸದಿದ್ದರೆ, ಅಂಥ ಫಂಕ್ಷನ್ ಇಲ್ಲ ಎಂಬ ಎರರ್ ಬರುತ್ತದೆ.

ಶೆಲ್ ಸ್ಕ್ರಿಪ್ಟ್‌ನಲ್ಲಿ ಟ್ಯಾಪ್ ಅನ್ನು ಕೈಯಲ್ಲೇ ಬರೆಯುವುದು ಸುಲಭ: ಒಂದು ಎಣಿಕೆಯ ವೇರಿಯಬಲ್, ‘ಓಕೆ’ ಇಲ್ಲವೇ ‘ನಾಟ್ ಓಕೆ’ ಬರೆಯುವ ಒಂದು ಫಂಕ್ಷನ್, ಕೊನೆಯಲ್ಲಿ ‘1..’ ಪಕ್ಕ ಆ ವೇರಿಯಬಲ್. ಇದು ಡನ್ ಟೆಸ್ಟಿಂಗ್‌ಗೆ ಸಮ. ಆದರೆ ಒಂದು ಕಮಾಂಡ್‌ನ ಔಟ್‌ಪುಟ್ ಅನ್ನು ಪೈಪ್ ಮೂಲಕ ‘ವೈಲ್ ರೀಡ್’ ಲೂಪ್‌ಗೆ ಕೊಟ್ಟು ಒಳಗೆ ಟೆಸ್ಟ್ ಮಾಡಿದರೆ, ಬ್ಯಾಶ್ ಆ ಲೂಪ್ ಅನ್ನು ಸಬ್‌ಶೆಲ್‌ನಲ್ಲಿ ಓಡಿಸುತ್ತದೆ. ಒಳಗೆ ಏರಿದ ಎಣಿಕೆ ಹೊರಗೆ ಬರುವುದಿಲ್ಲ. ‘ಓಕೆ 8’ರವರೆಗೆ ಬರೆದು ಕೊನೆಗೆ ‘1..2’ ಎನ್ನುತ್ತದೆ. ಔಟ್‌ಪುಟ್ ಅನ್ನು ಮೊದಲು ತಾತ್ಕಾಲಿಕ ಫೈಲ್‌ಗೆ ಹಾಕಿ, ಲೂಪ್‌ನ ಕೊನೆಯಲ್ಲಿ ಆ ಫೈಲ್ ಅನ್ನು ರೀಡೈರೆಕ್ಟ್ ಮಾಡಿ ಓದಿಸಿದರೆ ಎಣಿಕೆ ಉಳಿಯುತ್ತದೆ. ಬ್ಯಾಟ್ಸ್ ಎಂಬ ಶೆಲ್ ಟೆಸ್ಟ್ ಸಾಧನ ಬಳಸುವವರಿಗೆ ಈ ತಾಪತ್ರಯವಿಲ್ಲ, ಫೈಲ್‌ನಲ್ಲಿರುವ ಟೆಸ್ಟ್ ಬ್ಲಾಕ್‌ಗಳನ್ನು ಅದೇ ಎಣಿಸಿ ಪ್ಲ್ಯಾನ್ ಬರೆಯುತ್ತದೆ.

ಪ್ಲ್ಯಾನ್‌ಗೆ ಎಟುಕದ್ದೂ ಒಂದಿದೆ: ಫೈಲ್ ರನ್ ಆಗಲೇ ಇಲ್ಲದಿದ್ದರೆ ಅದರೊಳಗಿನ ಪ್ಲ್ಯಾನ್ ಏನೂ ಹೇಳಲಾರದು. ಎಕ್ಸ್‌ಟೆನ್ಷನ್ ತಪ್ಪಾಗಿದ್ದರೆ, ಫೈಲ್ ಒಂದು ಫೋಲ್ಡರ್ ಒಳಗಿದ್ದು ಪ್ರೂವ್‌ಗೆ ಒಳಫೋಲ್ಡರ್ ಹುಡುಕುವ ಆರ್ ಸ್ವಿಚ್ ಕೊಡದಿದ್ದರೆ ಹೀಗಾಗುತ್ತದೆ. ಪ್ರೂವ್ ಕೊನೆಯಲ್ಲಿ ‘ಫೈಲ್ಸ್’ ಮತ್ತು ‘ಟೆಸ್ಟ್ಸ್’ ಎಂದು ಎರಡು ಒಟ್ಟು ಸಂಖ್ಯೆ ಕೊಡುತ್ತದೆ. ಹೊಸ ಫೈಲ್ ಸೇರಿಸಿದ ದಿನ ಮೊದಲನೆಯದು ಒಂದು ಏರಿದೆಯೇ ನೋಡಿಕೊಳ್ಳಿ. ಪೈಥಾನ್‌ನ ಪೈಟೆಸ್ಟ್‌ನಲ್ಲಿ ಒಂದೂ ಟೆಸ್ಟ್ ಸಿಗದಿದ್ದರೆ ಎಕ್ಸಿಟ್ ಕೋಡ್ 5 ಬರುತ್ತದೆ, ಪೈಥಾನ್ 3.12ರಿಂದ ಯುನಿಟ್‌ಟೆಸ್ಟ್ ಕೂಡ ಹಾಗೇ ಮಾಡುತ್ತದೆ. ಬಿಲ್ಡ್ ನಿಲ್ಲುತ್ತದೆ ಎಂದು ಆ 5 ಅನ್ನು ಸೊನ್ನೆಯಾಗಿಸುವ ಸಾಲು ನಿಮ್ಮ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಇದ್ದರೆ ತೆಗೆದುಹಾಕಿ.